ಅಕ್ಕನ ಹಾಜರಿ

ನಮ್ಮ ಅಕ್ಕನನ್ನು ಹತ್ತನೇ ತರಗತಿಯಲ್ಲಿ ಫೇಲು ಮಾಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಊರಲ್ಲಿ ಈ ಸಂಗತಿಯನ್ನು ನಾನು ನಾಲ್ಕಾರು ಕಡೆ ನಾಲ್ಕಾರು ಥರ ಹೇಳಿಕೊಂಡು ತಿರುಗಿದ್ದೇನೆ. ಒಮ್ಮೆ ನೆಟ್‌ವರ್ಕಿನ ಮೇಲೆ ಹಾಕಿದೆ, ಒಮ್ಮೆ ಪ್ರಶ್ನೆಪತ್ರಿಕೆಯ ಮೇಲೆ, ಒಮ್ಮೆ ಅವಳ ಹಣೆಬರಹದ ಮೇಲೆ. ಪ್ರತಿ ಸಲವೂ ಕೇಳಿದವರು ಅಯ್ಯೋ ಪಾಪ ಎಂದು ನನಗೇ ಚಹಾ ಕುಡಿಸಿದ್ದಾರೆ. ತಪ್ಪು ಅವುಗಳಲ್ಲಿ ಯಾವುದರದ್ದೂ ಅಲ್ಲ, ನನ್ನ ಗಂಟಲಿನದು.

ನನಗೆ ಬೇರೆಯವರ ದನಿ ತೆಗೆಯಲು ಬರುತ್ತದೆ. ಕಲಿತದ್ದಲ್ಲ, ಕೆಲವರಿಗೆ ಕಿವಿ ಅಲ್ಲಾಡಿಸಲು ಬರುವ ಹಾಗೆ ಬಂದದ್ದು. ಕಾನಹೊಸಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ದನಿಯಲ್ಲಿ ‘ದುರ್ಗ, ದುರ್ಗ, ದುರ್ಗ’ ಎಂದು ಕೂಗಿ ನಾಲ್ಕು ಜನರನ್ನು ಹೊಸಪೇಟೆ ಬಸ್ಸಿಗೆ ಹತ್ತಿಸಿದ್ದೇನೆ. ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರ ಕೆಮ್ಮು ಕೆಮ್ಮಿ ಎರಡು ತರಗತಿಗಳನ್ನು ಒಟ್ಟಿಗೆ ಎದ್ದು ನಿಲ್ಲಿಸಿದ್ದೆ. ಹತ್ತನೇ ಪರೀಕ್ಷೆಯಲ್ಲಿ ಯಾರ ದನಿಯೂ ಉಪಯೋಗಕ್ಕೆ ಬರಲಿಲ್ಲ. ಗಣಿತ ಮತ್ತು ಇಂಗ್ಲಿಷು ಎರಡೂ ಹೋದವು. ಆಮೇಲೆ ಮೈಕು ಕಟ್ಟಿಕೊಂಡು ಊರೂರು ತಿರುಗುವ ಪ್ರಚಾರದ ಆಟೋಗಳಿಗೆ ದನಿ ಕೊಡುವ ಕೆಲಸ ಸಿಕ್ಕಿತು. ಕಣ್ಣಿನ ಶಿಬಿರಕ್ಕೆ ಗಂಭೀರ ದನಿ, ಸೀರೆ ಅಂಗಡಿಗೆ ಹೆಣ್ಣಿನ ದನಿ. ಕೂಡ್ಲಿಗಿಯಲ್ಲಿ ಒಬ್ಬಾತ ಆ ಸೀರೆಯ ಹೆಣ್ಣುಮಗಳು ಯಾರೆಂದು ಆಟೋದವನ ಹತ್ತಿರ ವಿಚಾರಿಸಿದ್ದನಂತೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಒಂಬತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲೇ ಅವಳ ಮದುವೆಯಾಯಿತು. ಗಂಡ ಜಡ್ಡಿನಲ್ಲಿ ತೀರಿಕೊಂಡ ಮೇಲೆ ಅವ್ವನ ಮನೆಗೆ ಬಂದಳು. ಮಕ್ಕಳಿರಲಿಲ್ಲ. ಬಂದ ಮೂರನೆಯ ವರ್ಷ ನಮ್ಮೂರಿನ ಅಂಗನವಾಡಿಯ ಸಹಾಯಕಿ ನಿವೃತ್ತಿಯಾಗುವವಳಿದ್ದಾಳೆ ಎಂಬ ಸುದ್ದಿ ಬಂತು. ಆ ಜಾಗಕ್ಕೆ ಅರ್ಜಿ ಹಾಕಲು ಹತ್ತನೇ ಪಾಸಾದ ಅಂಕಪಟ್ಟಿ ಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಅಕ್ಕನಿಗೆ ಆಗಲೇ ಮೂವತ್ತನಾಲ್ಕು ತುಂಬಿತ್ತು. ಅಂದರೆ ಇರುವುದು ಒಂದೇ ಪರೀಕ್ಷೆ. ಮುಂದಿನ ಸಲ ನೋಡೋಣ ಎನ್ನುವ ಮಾತು ನನ್ನಂಥವರಿಗೆ ಉಂಟು, ಅವಳಿಗೆ ಇರಲಿಲ್ಲ.

ಮನೆಯಲ್ಲೇ ಕುಳಿತು ಫೋನಿನಲ್ಲಿ ಪಾಠ ಕೇಳಿ, ಶಾಲೆ ಬಿಟ್ಟವರು ಕಟ್ಟಬಹುದಾದ ಪರೀಕ್ಷೆಯೊಂದು ಇದೆ ಎಂದು ಕೂಡ್ಲಿಗಿಯಲ್ಲಿ ಯಾರೋ ಹೇಳಿದರು. ಅರ್ಜಿ ತುಂಬಲು ಹೋದ ದಿನ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

‘ಲೇ ತಮ್ಮಾ, ನಿಂದೂ ಒಂದು ಹೆಸರು ಹಚ್ಚಸಲೇ. ಇಬ್ರೂ ಕೂಡಿ ಕುಂತ್ರ ನಾಚಿಕಿ ಅರ್ಧ ಆಗತೈತಿ.’

‘ನಿನಗೆಂಥ ನಾಚಿಕಿ ಅಕ್ಕಾ? ಫೇಲಾದವ ನಾನು. ನೀನು ಪರೀಕ್ಷಿಗೆ ಕುಂತೇ ಇಲ್ಲ.’

‘ಅದಕ್ಕ ಅಂಜಿಕಿ. ನಿನಗಾದ್ರ ಫೇಲಾಗಿ ರೂಢಿ ಐತಿ.’

ನನ್ನ ಹೆಸರನ್ನೂ ಬರೆಸಿದೆ.

ಗಣಿತ ಹೇಳುವವರು ಹರಪನಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರು. ದಿನಾ ಮಧ್ಯಾಹ್ನ ಮೂರಕ್ಕೆ ತಮ್ಮ ಮನೆಯಿಂದಲೇ ಪಾಠ ಶುರು ಮಾಡುತ್ತಿದ್ದರು. ಡೇಟಾ ಉಳಿಯಲೆಂದು ಎಲ್ಲರೂ ವಿಡಿಯೋ ಆರಿಸಿಯೇ ಇರುತ್ತಿದ್ದೆವು. ಪರದೆಯ ಮೇಲೆ ಅವರ ಬರಹ ಕಾಣುತ್ತಿತ್ತು, ಮುಖ ಅಲ್ಲ. ಅವರ ದನಿಯ ಹಿಂದೆ ಟಿವಿ ಧಾರಾವಾಹಿಯ ಸೊಸೆ ದಿನವೂ ಅಳುತ್ತಿದ್ದಳು. ಪಾಠದ ಮೊದಲು ಐದು ನಿಮಿಷ ಅವರು ನಮಗೆ ಹುರುಪು ತುಂಬುತ್ತಿದ್ದರು.

‘ನೋಡ್ರಪ್ಪಾ, ಹಠ ಇದ್ದೋರಿಗೆ ವಯಸ್ಸು ಅಡ್ಡ ಬರಲ್ಲ. ಹೌದಲ್ಲೇನ್ರಿ? ಯಾರಾದ್ರೂ ಒಬ್ರು ಹೌದು ಅನ್ರಪ್ಪಾ.’

ಯಾರೂ ಅನ್ನುತ್ತಿರಲಿಲ್ಲ. ಆಗ ಅವರೇ ‘ಹೌದು’ ಎಂದುಕೊಂಡು ಹಾಜರಿ ತೆಗೆಯುತ್ತಿದ್ದರು. ಆರಂಭದಲ್ಲಿ ಹೆಸರು ಕರೆದ ಕೂಡಲೇ ಎಲ್ಲೆಲ್ಲಿಂದಲೋ ದನಿಗಳು ಬರುತ್ತಿದ್ದವು. ಕೊಟ್ಟೂರಿನವನೊಬ್ಬ ಲಾರಿಯಲ್ಲಿ ಕೂತು ‘ಅದೀನ್ರಿ’ ಎನ್ನುತ್ತಿದ್ದ. ಸಂಕ್ರಾಂತಿ ಕಳೆಯುವುದರೊಳಗೆ ಲಾರಿ ನಿಂತುಹೋಯಿತು. ಹಡಗಲಿಯ ಹೆಣ್ಣುಮಗಳೊಬ್ಬಳ ಹೆಸರು ಕರೆದರೆ ಮೊದಲು ಅವಳ ಕೂಸಿನ ಅಳು ಕೇಳುತ್ತಿತ್ತು, ಆಮೇಲೆ ಅವಳು. ಕೆಲವು ದಿನ ಬರೀ ಅಳು ಕೇಳಿತು. ಆಮೇಲೆ ಅದೂ ಕೇಳಲಿಲ್ಲ. ಮೇಷ್ಟ್ರು ಮಾತ್ರ ಪಟ್ಟಿಯಿಂದ ಯಾರ ಹೆಸರನ್ನೂ ತೆಗೆಯಲಿಲ್ಲ. ದಿನಾ ಅಷ್ಟೂ ಹೆಸರು ಕರೆದು, ಪ್ರತಿ ಹೆಸರಿನ ಮುಂದೆ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆ ಕಾಯುವುದನ್ನು ಕೇಳಲು ನನಗೆ ಆಗುತ್ತಿರಲಿಲ್ಲ. ಅದಕ್ಕೇ ತಮಾಷೆ ಮಾಡುತ್ತಿದ್ದೆ ಎಂದು ಈಗ ಹೇಳಿಕೊಳ್ಳುತ್ತೇನೆ. ಆಗ ಅಷ್ಟೆಲ್ಲ ಯೋಚಿಸಿದ್ದೆನೋ ಇಲ್ಲವೋ.

ಅಕ್ಕ ಬಿಡಲಿಲ್ಲ. ಗೋಡೆಯ ಮೇಲೆ ಇದ್ದಿಲಿನಲ್ಲಿ ಸೂತ್ರ ಬರೆದಳು. ಅವ್ವ ಅದನ್ನು ಸಾರಿಸಿಬಿಟ್ಟರೆ ಮತ್ತೆ ಬರೆದಳು. ಹುಣಸೆಹಣ್ಣಿನ ಸೀಸನ್ನು ಬಂದಾಗ ಒಂದು ಬುಟ್ಟಿ ಹಣ್ಣು ಕುಟ್ಟಿದರೆ ಒಂದು ಲೆಕ್ಕ ಬಿಡಿಸಬೇಕು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು.

ನಮ್ಮ ಕಡೆ ಆ ಎರಡು ಮೂರು ತಿಂಗಳು ಹೆಂಗಸರಿಗೆಲ್ಲ ಇದೇ ಕೆಲಸ. ವ್ಯಾಪಾರಿ ಮನೆಗೆ ಚೀಲ ತಂದು ಹಾಕುತ್ತಾನೆ. ಹಣ್ಣಿನ ಸಿಪ್ಪೆ ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟಿ ಬೀಜ ಹೊರಗೆ ತೆಗೆಯಬೇಕು. ನಮ್ಮ ಪಡಸಾಲೆಯಲ್ಲಿ ಅವ್ವ, ಅಕ್ಕ, ಓಣಿಯ ಇಬ್ಬರು ಹೆಂಗಸರು ಸುತ್ತ ಕೂರುತ್ತಿದ್ದರು. ನಡುವೆ ಒಂದು ಡಬ್ಬಿಗೆ ಒರಗಿಸಿಟ್ಟ ನನ್ನ ಫೋನು. ಕೊಡತಿಯ ಸದ್ದು ಮೇಷ್ಟ್ರಿಗೆ ಕೇಳಬಾರದೆಂದು ಮೈಕು ಮುಚ್ಚಿಟ್ಟಿರುತ್ತಿದ್ದೆವು. ಹೆಸರು ಕರೆದಾಗ ಮಾತ್ರ ತೆರೆಯಬೇಕು. ಅಕ್ಕನ ಹತ್ತೂ ಬೆರಳಿಗೆ ಹುಣಸೆ ಮೆತ್ತಿಕೊಂಡಿರುತ್ತಿತ್ತು. ಆ ಬೆರಳಿನಿಂದ ಒತ್ತಿದರೆ ಫೋನು ಎಲ್ಲೆಲ್ಲಿಗೋ ಹೋಗುತ್ತಿತ್ತು. ಒಮ್ಮೆ ತರಗತಿಯಿಂದಲೇ ಹೊರಗೆ ಹಾಕಿತು. ಎದ್ದು ಕೈ ತೊಳೆದು ಬರುವಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಹಾಗಾಗಿ ಅವಳ ಪರವಾಗಿ ಗುಂಡಿ ಒತ್ತುವ ಕೆಲಸ ನನ್ನದಾಯಿತು.

ಒಂದು ದಿನ ಗುಂಡಿ ಒತ್ತಿದೆ. ಅಕ್ಕ ಬಾಯಲ್ಲಿ ನಾರು ಕಚ್ಚಿಕೊಂಡಿದ್ದಳು. ನಾನೇ ಅವಳ ದನಿ ತೆಗೆದು ‘ಅದೀನ್ರೀ ಸರ’ ಎಂದೆ. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಅಕ್ಕನೂ ನಕ್ಕಳು. ಶುರುವಾದದ್ದು ಇಷ್ಟರಿಂದ.

ಹಾಜರಿ ಆದ ಮೇಲೆ ಉತ್ತರ. ಮೇಷ್ಟ್ರು ಹೆಸರು ಹಿಡಿದು ಪ್ರಶ್ನೆ ಕೇಳುತ್ತಿದ್ದರು. ನನ್ನ ತೊಡೆಯ ಮೇಲೆ ಗೈಡು ತೆರೆದಿರುತ್ತಿತ್ತು. ಅದನ್ನು ನೋಡಿ ಅಕ್ಕನ ದನಿಯಲ್ಲಿ ಉತ್ತರ ಹೇಳುತ್ತಿದ್ದೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ತೆಗೆಯುತ್ತಿದ್ದ ದನಿ ಅಕ್ಕನದರ ಹಾಗಿತ್ತು, ಅಕ್ಕನದಾಗಿರಲಿಲ್ಲ. ಅವಳು ಮೆಲ್ಲಗೆ ಮಾತಾಡುತ್ತಾಳೆ, ಕೊನೆಯ ಪದವನ್ನು ಅರ್ಧ ನುಂಗುತ್ತಾಳೆ. ಅಷ್ಟು ಮೆತ್ತಗೆ ತೆಗೆದರೆ ಕೇಳುವವರಿಗೆ ಮಜಾ ಇರುವುದಿಲ್ಲ. ಹಾಗಾಗಿ ಸ್ವಲ್ಪ ಖಾರ ಹಾಕಿದೆ. ನನ್ನ ಗಂಟಲಿನ ಅಕ್ಕ ಬಾಯಿ ತುಂಬ ಮಾತಾಡುತ್ತಿದ್ದಳು, ಹುಣಸೆಹಣ್ಣು ಕುಟ್ಟುತ್ತಲೇ ಪಾಠ ಕೇಳುತ್ತೇನೆಂದು ಹೇಳಿಕೊಳ್ಳುತ್ತಿದ್ದಳು, ಮೇಷ್ಟ್ರಿಗೇ ‘ಊಟ ಆತೇನ್ರಿ ಸರ?’ ಎನ್ನುತ್ತಿದ್ದಳು.

‘ನಿಮ್ಮಕ್ಕಗಿಂತ ನೀನ ಚಲೋ ಅಕ್ಕ ಅದೀ ನೋಡಲೇ,’ ಎಂದಳು ಓಣಿಯ ಹೆಂಗಸು.

‘ಸೀರಿ ಒಂದು ಉಡಿಸಿಬಿಡ್ರಿ, ಪರೀಕ್ಷಿಗೂ ನಾನ ಹೋಗ್ತೀನಿ,’ ಎಂದೆ.

ಮೇಷ್ಟ್ರು ಮೆಚ್ಚಿಬಿಟ್ಟರು. ‘ಕೇಳಿದ್ರೇನ್ರಪ್ಪಾ? ಹುಣಸೆಹಣ್ಣು ಕುಟ್ಕೊಂತಾ ಓದೋ ಹೆಣ್ಮಗಳು! ಒಂದು ತಪ್ಪಿಲ್ಲ. ನಿಮಗೆಲ್ಲ ಬೇಜಾರು ಬಂದಾಗ ಈ ಅಕ್ಕೋರನ್ನ ನೆನಸ್ಕಳ್ರಿ.’ ಅಂದಿನಿಂದ ದಿನಾ ಐದು ನಿಮಿಷದ ಹುರುಪಿನಲ್ಲಿ ಅಕ್ಕನ ಹೆಸರೇ. ಮೊದಲ ದಿನ ಅಕ್ಕನ ಮುಖ ಕೆಂಪಾಯಿತು. ಅವಳನ್ನು ಜೀವಮಾನದಲ್ಲಿ ಯಾರೂ ಇಷ್ಟು ಹೊಗಳಿರಲಿಲ್ಲ. ನಾಲ್ಕನೆಯ ದಿನ ಹೊಗಳಿಕೆ ಶುರುವಾದಾಗ ಅವಳು ಕೊಡತಿ ನಿಲ್ಲಿಸಿ ತಲೆ ತಗ್ಗಿಸಿದ್ದನ್ನು ನೋಡಿದೆ. ನೋಡಿಯೂ ನಕ್ಕೆ.

ನನ್ನ ಸ್ವಂತ ದನಿಯಲ್ಲಿ ನಾನು ದಡ್ಡನ ಪಾರ್ಟು ಮಾಡುತ್ತಿದ್ದೆ. ‘ಗೊತ್ತಿಲ್ರಿ ಸರ, ಅಕ್ಕನ್ನ ಕೇಳಿ ಹೇಳ್ತೀನಿ’ ಎಂದರೆ ಎಲ್ಲರೂ ನಗುತ್ತಿದ್ದರು. ಪಾರ್ಟೇನೂ ಅಲ್ಲ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರು ನನಗೊಬ್ಬನಿಗೇ ಫೋನು ಮಾಡಿದರು.

‘ತಮ್ಮಾ, ನಾಚಿಕೆ ಆಗಬಾರ್ದು ಅಂತ ಎಲ್ಲರ ಮುಂದೆ ಹೇಳಿಲ್ಲ. ಹಿಂದೆ ಬಿದ್ದೋರಿಗೆ ವಾರದಾಗೆ ಎರಡು ಸಲ ಒಬ್ಬೊಬ್ರಿಗೇ ಫೋನ್ ಮಾಡಿ ಬೇರೆ ಹೇಳಿಕೊಡ್ತೀನಿ. ನಾಲ್ಕು ಜನ ಅದೀರಿ. ನಿಮ್ಮ ಅಕ್ಕೋರಿಗೆ ಇದು ಬೇಡ ಬಿಡು.’

‘ಹೂಂ ಸರ್’ ಎಂದೆ. ‘ಬೇಕು ಸರ್, ಅವಳಿಗೇ ಬೇಕು’ ಎನ್ನಲು ಅರ್ಧ ನಿಮಿಷ ಸಾಕಿತ್ತು. ಹಾಗೆಂದರೆ ಉತ್ತರ ಹೇಳಿದವಳು ಯಾರು ಎಂದೂ ಹೇಳಬೇಕಾಗುತ್ತಿತ್ತು.

ಆ ಫೋನು ಬಂದಾಗೆಲ್ಲ ನಾನು ಮನೆಯ ಹಿಂದಿನ ಕಟ್ಟೆಗೆ ಹೋಗುತ್ತಿದ್ದೆ. ಅಕ್ಕ ಯಾರೆಂದು ಕೇಳಿದರೆ ಪ್ರಚಾರದ ಆಟೋದವರು ಎನ್ನುತ್ತಿದ್ದೆ. ದಡ್ಡರ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಅವಳಿಗೆ ಹೇಳಲು ನಾಚಿಕೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. ಮೇಷ್ಟ್ರೊಬ್ಬರು ಬೆತ್ತ ಹಿಡಿಯದೆ, ಗದರದೆ, ನನ್ನೊಬ್ಬನಿಗಾಗಿ ಅರ್ಧ ಗಂಟೆ ಮಾತಾಡಿದ್ದು ಅದೇ ಮೊದಲು. ಅದು ನನ್ನದಾಗಿರಲಿ ಎನಿಸಿತು.

ಅಕ್ಕ ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ಸು ಹೇಗಾಗುತ್ತದೆ? ಬಾಯಿಪಾಠ ಮಾಡು ಎಂದರೆ ಅವಳಿಗೆ ಒಗ್ಗುತ್ತಿರಲಿಲ್ಲ. ಕಾರಣ ತಿಳಿಯದೆ ಮುಂದಿನ ಸಾಲು ಬರೆಯಲು ಅವಳ ಕೈ ಏಳುತ್ತಿರಲಿಲ್ಲ. ಮುಂದಿನ ಪಾಠಗಳೆಲ್ಲ ಅದರ ಮೇಲೆಯೇ ನಿಂತಿದ್ದವು. ಬುಟ್ಟಿಗೊಂದು ಎಂದಿದ್ದ ಲೆಕ್ಕ ದಿನಕ್ಕೊಂದಾಯಿತು, ಆಮೇಲೆ ಅದೂ ಹಿಂದೆ ಬಿತ್ತು. ಗೋಡೆಯ ಸೂತ್ರ ಅಳಿಸಿಹೋದಾಗ ಅವಳು ಮತ್ತೆ ಬರೆಯಲಿಲ್ಲ.

ಒಂದು ಮಧ್ಯಾಹ್ನ ಪಾಠ ಶುರುವಾಗುವ ಮೊದಲು ಅವಳೇ ಹೇಳಿದಳು:

‘ಲೇ, ಇಷ್ಟು ದಿನ ನನ್ನ ದನಿಯಾಗ ಉತ್ರ ಹೇಳಿದಿ. ಇವತ್ತು ನನ್ನ ದನಿಯಾಗ ಒಂದು ಪ್ರಶ್ನಿ ಕೇಳು. ಮೈನಸ್ಸಿಂದು ತಿಳಿವಲ್ದು, ಮೊದಲಿಂದ ಹೇಳ್ರಿ ಅನ್ನು.’

‘ನೀನ ಕೇಳಕ್ಕಾ. ಕೈ ತೊಳಕೊಂಡು ಬಾ.’

‘ನಾನು ಹ್ಯಾಂಗ ಕೇಳಲಿ? ಎಲ್ಲಾ ಬರತೈತಿ ಅಂತ ಊರಿಗೆಲ್ಲಾ ಹೇಳ್ಯಾರ ಅವ್ರು. ನನ್ನ ದನಿ ಹೊರಗ ಬರವಲ್ದು.’

ಹೂಂ ಎಂದೆ. ಸಮಯ ಬಂದಾಗ ಗುಂಡಿ ಒತ್ತಿದೆ. ಸುತ್ತ ಹೆಂಗಸರು ಕೊಡತಿ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದರು. ನೋಡುವವರಿದ್ದರೆ ನನಗೆ ಬುದ್ಧಿ ನಿಲ್ಲುವುದಿಲ್ಲ. ‘ಸರ, ಈ ಮೈನಸ್ಸು ಮೈನಸ್ಸು ಎರಡೂ ಕೂಡಿ ಪ್ಲಸ್ಸು ಆಗಾಕ ಅವಕ್ಕೇನು ಲಗ್ನ ಮಾಡೀರೇನ್ರಿ? ನನಗ ಆಹ್ವಾನಾ ಬಂದಿಲ್ರಿ, ಮೊದಲಿಂದ ಹೇಳ್ರಿ’ ಎಂದೆ.

ಪಡಸಾಲೆ ನಕ್ಕಿತು. ಫೋನಿನೊಳಗೆ ಮೇಷ್ಟ್ರೂ ನಕ್ಕರು. ‘ಅಕ್ಕೋರೇ, ನಿಮಗೆ ಬರಲ್ಲ ಅಂದ್ರೆ ನಾನು ನಂಬ್ತೀನೇನಮ್ಮಾ? ಬೇರೆಯೋರ ಸಲುವಾಗಿ ಕೇಳ್ತೀರಿ ನೀವು. ದೊಡ್ಡ ಗುಣ ಐತೆ. ಆಗಲಿ, ಸಮಯ ಸಾಲದು, ಮುಂದಿನ ಪಾಠಕ್ಕೆ ಹೋಗೋಣ.’

ಅಕ್ಕ ಕೊಡತಿ ಎತ್ತಿ ಕುಟ್ಟತೊಡಗಿದಳು. ಆಮೇಲೆ ಪಾಠದ ಹೊತ್ತಿಗೆ ಅವಳು ಪಡಸಾಲೆಯಲ್ಲೇ ಇರುತ್ತಿದ್ದಳು, ಆದರೆ ಫೋನಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಹಾಜರಿಯನ್ನು ನಾನು ಹಾಕುತ್ತಲೇ ಇದ್ದೆ. ಪಟ್ಟಿಯ ಪ್ರಕಾರ ಅವಳು ಒಂದು ದಿನವೂ ತಪ್ಪಿಸಿಲ್ಲ.

ಪರೀಕ್ಷೆ ಹಗರಿಬೊಮ್ಮನಹಳ್ಳಿಯಲ್ಲಿ. ಉಳಿದ ವಿಷಯಗಳನ್ನು ಅಕ್ಕ ನನಗಿಂತ ಚೆನ್ನಾಗಿಯೇ ಬರೆದಳು. ಕೊನೆಗೆ ಗಣಿತ. ಬರೆದು ಹೊರಗೆ ಬಂದಾಗ ಕೇಳಿದೆ, ‘ಹ್ಯಾಂಗಾತಕ್ಕಾ?’

‘ಅಕ್ಷರ ಮಾತ್ರ ಚಂದ ಬರದೀನಿ,’ ಎಂದಳು.

ನೇರ ಬಸ್ಸು ತಪ್ಪಿತ್ತು. ಕೊಟ್ಟೂರಿನ ಮೇಲೆ ಹೊರಟೆವು. ಕೊಟ್ಟೂರಲ್ಲಿ ಬಸ್ಸು ನಿಂತಾಗ ಕಿಟಕಿಯ ಹೊರಗೆ ನೋಡುತ್ತಾ ನನಗೆ ಬಾಯಿ ತಡೆಯಲಿಲ್ಲ. ಬುದ್ಧಿವಂತಿಕೆ ತೋರಿಸುವ ಚಪಲ. ಮೇಷ್ಟ್ರು ನನಗೊಬ್ಬನಿಗೇ ಹೇಳಿಕೊಟ್ಟಿದ್ದನ್ನು ಅವರದೇ ದನಿಯಲ್ಲಿ ಒಪ್ಪಿಸಿದೆ:

‘ಕೊಟ್ಟೂರಾಗೆ ನಿಂತ್ಕಳಪ್ಪಾ. ಹರಪನಹಳ್ಳಿ ಕಡೆ ಹೋದ್ರೆ ಪ್ಲಸ್ಸು, ಕೂಡ್ಲಿಗಿ ಕಡೆ ಹೋದ್ರೆ ಮೈನಸ್ಸು. ಈಗ ಕೂಡ್ಲಿಗಿ ಕಡೆ ಮುಖ ಮಾಡು, ಅದೊಂದು ಮೈನಸ್ಸು. ಹಂಗೇ ಹಿಂದೆ ಹಿಂದೆ ನಡಿ, ಅದೊಂದು ಮೈನಸ್ಸು. ಎಲ್ಲಿಗೆ ಬಂದಿ? ಹರಪನಹಳ್ಳಿ ಕಡೆಗೆ. ಆತಲ್ಲ, ನಮ್ಮ ಮನೆಗೇ ಬಂದಿ.’

ಅಕ್ಕ ನನ್ನ ಕಡೆ ತಿರುಗಿದಳು. ಅವಳ ತುಟಿ ಅಲ್ಲಾಡುತ್ತಿತ್ತು. ಮುಖ ಆ ಕಡೆ, ನಡಿಗೆ ಈ ಕಡೆ. ಕೈಯಿಂದ ಗಾಳಿಯಲ್ಲಿ ಒಮ್ಮೆ ಹಿಂದೆ ಮುಂದೆ ತೋರಿಸಿಕೊಂಡಳು.

‘ಇಷ್ಟ ಏನಲೇ?’ ಎಂದಳು.

‘ಇಷ್ಟ.’

‘ಯಾವಾಗ ಹೇಳಿದ್ರು ಇದನ್ನ? ಪಾಠದಾಗ ಹೇಳಿದ್ದಿಲ್ಲ.’

ಹೇಳಿದೆ. ನಾಲ್ಕು ಜನ, ವಾರಕ್ಕೆರಡು ಸಲ, ಹಿಂದಿನ ಕಟ್ಟೆ, ಆಟೋದವರ ಫೋನು. ಎಲ್ಲವನ್ನೂ ಹೇಳಿದೆ. ತಮಾಷೆಯ ದನಿ ಹುಡುಕಿದೆ, ಯಾವುದೂ ಬರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು. ಕೂಡ್ಲಿಗಿಯಲ್ಲಿ ಇಳಿಯುವಾಗ ನನ್ನ ಚೀಲವನ್ನೂ ಅವಳೇ ಎತ್ತಿಕೊಂಡಳು, ಸಣ್ಣವನಿದ್ದಾಗ ಎತ್ತಿಕೊಳ್ಳುತ್ತಿದ್ದ ಹಾಗೆ. ಅದರ ಬದಲು ಕೆನ್ನೆಗೆ ಬಾರಿಸಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಫಲಿತಾಂಶ ಬಂತು. ನಾನು ಗಣಿತದಲ್ಲಿ ಅಂಚಿಗೆ ಬಂದು ಪಾಸು. ಅಕ್ಕ ಉಳಿದೆಲ್ಲದರಲ್ಲಿ ಪಾಸಾಗಿ ಗಣಿತದಲ್ಲಿ ಫೇಲು. ಮತ್ತೆ ಕಟ್ಟಿ ಬರೆಯುವಷ್ಟರಲ್ಲಿ ಅವಳಿಗೆ ಮೂವತ್ತೈದು ದಾಟಿರುತ್ತದೆ. ಅವ್ವ ದೇವರ ಫೋಟೋದ ಮುಂದೆ ಕೂತು ದೇವರನ್ನೇ ಬೈದಳು. ಬೈಸಿಕೊಳ್ಳಬೇಕಾದ ನಾನು ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ.

ಮರುದಿನ ಬೆಳಿಗ್ಗೆ ಮೇಷ್ಟ್ರ ಫೋನು. ಅವ್ವ, ಅಕ್ಕ ಇಬ್ಬರೂ ಅಲ್ಲೇ ಇದ್ದರು. ಸ್ಪೀಕರಿಗೆ ಹಾಕಿದೆ. ನನಗೆ ಶಹಬ್ಬಾಸ್ ಹೇಳುವುದನ್ನೂ ಮರೆತು ಅವರು ಅಕ್ಕನ ಬಗ್ಗೆ ಶುರುಮಾಡಿದರು.

‘ಅಕ್ಕೋರು ಫೇಲಾಗಾಕೆ ಸಾಧ್ಯನೇ ಇಲ್ಲಪ್ಪಾ. ಪೇಪರ್ ತಿದ್ದಿದ್ರಾಗೆ ಏನೋ ಎಡವಟ್ಟಾಗೈತೆ. ಮರುಮೌಲ್ಯಮಾಪನಕ್ಕೆ ಹಾಕೋಣ. ಅರ್ಜಿ ನಾನೇ ಬರೆದು ಕೊಡ್ತೀನಿ.’

ಅವ್ವನ ಮುಖದಲ್ಲಿ ಜೀವ ಬಂತು. ‘ಹಾಕ್ರಿ ಯಪ್ಪಾ, ಹಾಕ್ರಿ. ನಿಮ್ಮ ಪುಣ್ಯಾ ಬರ್ಲಿ,’ ಎಂದಳು. ಅರ್ಜಿ ಹಾಕಿದರೆ ಇನ್ನೊಂದು ತಿಂಗಳು ಯಾರೂ ನನ್ನನ್ನು ಏನೂ ಕೇಳುವುದಿಲ್ಲ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಅಕ್ಕ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು.

‘ಸರ, ನಾನ್ರಿ,’ ಎಂದಳು. ಮೆಲ್ಲಗೆ, ಕೊನೆಯ ಪದವನ್ನು ಅರ್ಧ ನುಂಗಿ.

‘ಯಾರಮ್ಮಾ? ಅವರ ತಾಯಿಯೋರೇನು?’ ಎಂದರು ಮೇಷ್ಟ್ರು. ‘ಅಕ್ಕೋರು ಹತ್ರ ಇದ್ರೆ ಕೊಡ್ರಿ. ಅವರ ಸಂಗಡನೇ ಮಾತಾಡಬೇಕು.’

ಅವ್ವ ನನ್ನ ಮುಖ ನೋಡಿದಳು. ಅಕ್ಕ ನನ್ನ ಕಡೆ ನೋಡಲಿಲ್ಲ. ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಒಂದೊಂದೇ ಮಾತು ಬಿಡಿಸಿ ಹೇಳಿದಳು:

‘ನೀವು ಮೆಚ್ಚಿದ ಅಕ್ಕ ಪರೀಕ್ಷಿಗೆ ಬಂದಿದ್ದಿಲ್ರಿ ಸರ. ಬರದಾಕಿ ನಾನು. ಪೇಪರ್ ಸರಿಯಾಗೇ ತಿದ್ಯಾರ.’